ಅಮೆರಿಕದ ಅಧ್ಯಕ್ಷೀಯ ಪ್ರಚಾರ: ಏಳು ರಾಜ್ಯಕ್ಕೆ ಹೊಳೆ, ಉಳಿದದ್ದಕ್ಕೆ ಹನಿ. ಲೆಕ್ಕ ಹೇಗೆ ಹಾಕ್ತಾರೆ?

ಬಯಲುಸೀಮೆ_ಬಸವ

2024ರ ಅಮೆರಿಕ ಚುನಾವಣೆ ಬಗ್ಗೆ ಎಲ್ಲಿ ಓದಿದ್ರೂ ಅದೇ ಏಳು ಹೆಸರು. ಪೆನ್ಸಿಲ್ವೇನಿಯಾ, ಮಿಶಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ನಾರ್ತ್ ಕ್ಯಾರೊಲಿನಾ, ಅರಿಜೋನಾ, ನೆವಾಡಾ. ಕ್ಯಾಲಿಫೋರ್ನಿಯಾಕ್ಕೆ 54 ಎಲೆಕ್ಟೋರಲ್ ಮತ (ಅಧ್ಯಕ್ಷರನ್ನ ಆರಿಸೋಕೆ ರಾಜ್ಯದ ಪಾಲಿಗಿರೋ ಮತ), ನೆವಾಡಾಕ್ಕೆ ಬರೀ 6. ಆದ್ರೂ ರಿಪಬ್ಲಿಕನ್ ಟ್ರಂಪ್, ಡೆಮಾಕ್ರಾಟ್ ಹ್ಯಾರಿಸ್ ಇಬ್ಬರೂ ನೆವಾಡಾಕ್ಕೆ ಎಡತಾಕಿದ್ದೇ ಎಡತಾಕಿದ್ದು.

ಸ್ವಿಂಗ್ ಸ್ಟೇಟ್ ಅಂದ್ರೆ ಯಾವ ಕಡೆಗಾದ್ರೂ ವಾಲಬಹುದಾದ ರಾಜ್ಯ, ಸೇಫ್ ಸ್ಟೇಟ್ ಅಂದ್ರೆ ಫಲಿತಾಂಶ ಮೊದಲೇ ಗೊತ್ತಿರೋ ರಾಜ್ಯ. ಇಷ್ಟು ಗೊತ್ತು, ಇದನ್ನೇ ಮತ್ತೆ ಹೇಳಬೇಡಿ. ಪ್ರಚಾರ ಕಚೇರಿಯಲ್ಲಿ ಕೂತವರು ದುಡ್ಡು, ಅಭ್ಯರ್ಥಿಯ ದಿನಗಳು, ಮನೆ ಮನೆ ಸುತ್ತೋ ಜನ, ಈ ಮೂರನ್ನ ಯಾವ ಲೆಕ್ಕದಲ್ಲಿ ಹಂಚ್ತಾರೆ? ಸೇಫ್ ಸ್ಟೇಟ್‌ಗಳನ್ನ ನಿಜಕ್ಕೂ ಕೈಬಿಡ್ತಾರಾ?

ಅಂಕಿಸಂಕಿ

ಮೊದಲು ಬೇರು. ಒಟ್ಟು 538 ಎಲೆಕ್ಟೋರಲ್ ಮತ, ಗೆಲ್ಲಲು 270. 48 ರಾಜ್ಯಗಳಲ್ಲಿ, ಜೊತೆಗೆ ವಾಷಿಂಗ್ಟನ್ ಡಿಸಿಯಲ್ಲಿ, ಒಂದು ಮತ ಹೆಚ್ಚು ಬಂದವರಿಗೆ ಇಡೀ ರಾಜ್ಯದ ಪಾಲು. ಹಾಗಾಗಿ ಗೆದ್ದ ರಾಜ್ಯದಲ್ಲಿ ಬಿದ್ದ ಹೆಚ್ಚುವರಿ ಮತಕ್ಕೂ, ಸೋತ ರಾಜ್ಯದಲ್ಲಿ ಬಿದ್ದ ಮತಕ್ಕೂ ಬೆಲೆ ಸೊನ್ನೆ.

2020ರಲ್ಲಿ ಬೈಡನ್ ಕ್ಯಾಲಿಫೋರ್ನಿಯಾವನ್ನು 50 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಆಗ ಅಲ್ಲಿದ್ದದ್ದು 55 ಎಲೆಕ್ಟೋರಲ್ ಮತ. ಒಂದೇ ಮತದಿಂದ ಗೆದ್ದಿದ್ದರೂ ಅಷ್ಟೇ ಸಿಗುತ್ತಿತ್ತು. ಅದೇ ವರ್ಷ ಅರಿಜೋನಾ ಅಂತರ 10,457, ಜಾರ್ಜಿಯಾ 11,779, ವಿಸ್ಕಾನ್ಸಿನ್ 20,682. ಮೂರೂ ಕೂಡಿಸಿದರೆ 42,918. ಆ ಮೂರು ರಾಜ್ಯ ಮಗುಚಿದ್ದರೆ 269-269ರ ಸಮ. ದೇಶದ ಒಟ್ಟು ಮತದಲ್ಲಿ 70 ಲಕ್ಷದ ಮುನ್ನಡೆ ಇದ್ದವರ ಅಧ್ಯಕ್ಷಗಿರಿ ನಿಂತಿದ್ದು ಈ 43 ಸಾವಿರ ಮತದ ಮೇಲೆ.

ಕಚೇರಿಯಲ್ಲಿ ಹಾಕುವ ಲೆಕ್ಕ ಹೀಗೆ: ನಮಗೆ ಅತಿ ಸುಲಭದ ರಾಜ್ಯದಿಂದ ಅತಿ ಕಷ್ಟದ ರಾಜ್ಯದವರೆಗೆ ಸಾಲಾಗಿ ಬರೆದು, ಎಲೆಕ್ಟೋರಲ್ ಮತ ಕೂಡುತ್ತಾ ಬರುವುದು. ಯಾವ ರಾಜ್ಯದಲ್ಲಿ ಮೊತ್ತ 270 ದಾಟುತ್ತದೋ ಅದು ಟಿಪ್ಪಿಂಗ್ ಪಾಯಿಂಟ್. 2020ರಲ್ಲಿ ಅದು ವಿಸ್ಕಾನ್ಸಿನ್, 2024ರಲ್ಲಿ ಪೆನ್ಸಿಲ್ವೇನಿಯಾ. ಆ ಜಾಗಕ್ಕೆ ಹತ್ತಿರ ಇದ್ದಷ್ಟೂ ರಾಜ್ಯದ ತೂಕ ಜಾಸ್ತಿ. "ಸಮಬಲ ಇದೆಯಾ?" ಅನ್ನೋದು ಎರಡನೇ ಪ್ರಶ್ನೆ. "ಇದು ವಾಲಿದರೆ ಚುನಾವಣೆ ವಾಲುತ್ತಾ?" ಅನ್ನೋದೇ ಮೊದಲನೆಯದು.

ಹುಬ್ಬಳ್ಳಿ_ಮಂದಿ

ಅದ ಸರಿ ಬಿಡ್ರಿ. ಹಂಗಾದ್ರ 6 ಮತದ ನೆವಾಡಾಕ್ಕ ಯಾಕ ಅಷ್ಟ ಓಡಾಟ? ಪೆನ್ಸಿಲ್ವೇನಿಯಾದಾಗ 19 ಅದಾವಲ್ಲ, ಎಲ್ಲಾ ರೊಕ್ಕ ಅಲ್ಲೇ ಸುರೀಬೇಕಿತ್ತು.

ಅಂಕಿಸಂಕಿ

ಸುರಿದರು. 2024ರಲ್ಲಿ ಜಾಹೀರಾತಿಗೆ ಅತಿ ಹೆಚ್ಚು ದುಡ್ಡು ಹೋಗಿದ್ದು ಪೆನ್ಸಿಲ್ವೇನಿಯಾಕ್ಕೇ. ಆದರೆ ಒಂದೇ ದಾರಿ ನೆಚ್ಚಿಕೊಂಡರೆ ಅದು ಮುಚ್ಚಿದ ದಿನ ಕಥೆ ಮುಗೀತು. ಹ್ಯಾರಿಸ್ ಕಡೆಯವರ ಲೆಕ್ಕ ನೋಡಿ. ಕೈಯಲ್ಲಿದ್ದದ್ದು 226. ಅದಕ್ಕೆ ಪೆನ್ಸಿಲ್ವೇನಿಯಾ 19, ಮಿಶಿಗನ್ 15, ವಿಸ್ಕಾನ್ಸಿನ್ 10 ಸೇರಿದರೆ ಸರಿಯಾಗಿ 270. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಪೆನ್ಸಿಲ್ವೇನಿಯಾ ಕೈಕೊಟ್ಟರೆ ಜಾರ್ಜಿಯಾ ಅಥವಾ ನಾರ್ತ್ ಕ್ಯಾರೊಲಿನಾದ 16 ಬರಬೇಕು, ಅದೂ ಸಾಲದೆ ನೆವಾಡಾದ 6 ಅಥವಾ ಅರಿಜೋನಾದ 11 ಬೇಕು. ನೆವಾಡಾ ಅನ್ನೋದು ಚಿಲ್ಲರೆ. ನೋಟು ಹರಿದ ದಿನ ಚಿಲ್ಲರೆಯೇ ಬೇಕಾಗೋದು.

ಆ 226ರೊಳಗೆ ಒಮಾಹಾದ 1 ಮತವೂ ಇದೆ ಅನ್ನೋದನ್ನ ಮರೀಬೇಡಿ.

ಕಡಲತಡಿ

ಮಾರಾಯ್ರೆ, ಆ ಒಮಾಹಾದ ಕಥೆ ಬಿಡಿಸಿ ಹೇಳಲೇಬೇಕು, ಈ ಇಡೀ ಪದ್ಧತಿ ಅದರಲ್ಲಿ ಕನ್ನಡಿಯಲ್ಲಿ ಕಂಡಹಾಗೆ ಕಾಣ್ತದೆ.

ಮೇನ್ ಮತ್ತು ನೆಬ್ರಾಸ್ಕಾ ಮಾತ್ರ ಎಲೆಕ್ಟೋರಲ್ ಮತಗಳನ್ನು ಒಡೆದು ಕೊಡುವುದು. ಇಡೀ ರಾಜ್ಯ ಗೆದ್ದವರಿಗೆ 2, ಮತ್ತೆ ಒಂದೊಂದು ಕಾಂಗ್ರೆಸ್ ಕ್ಷೇತ್ರಕ್ಕೆ ಒಂದೊಂದು. ನೆಬ್ರಾಸ್ಕಾ ಅಪ್ಪಟ ರಿಪಬ್ಲಿಕನ್ ರಾಜ್ಯ. ಅದರೊಳಗೆ ಒಮಾಹಾ ನಗರದ ಸುತ್ತಲಿನ 2ನೇ ಕ್ಷೇತ್ರ ಮಾತ್ರ ಸ್ವಿಂಗ್. 2008ರಲ್ಲಿ ಒಬಾಮಾ, 2020ರಲ್ಲಿ ಬೈಡನ್, 2024ರಲ್ಲಿ ಹ್ಯಾರಿಸ್ ಅದನ್ನು ಗೆದ್ದರು. ಜನ ತಮ್ಮ ಅಂಗಳದಲ್ಲಿ ಬಿಳಿ ಬೋರ್ಡಿನ ಮೇಲೆ ನೀಲಿ ಚುಕ್ಕಿ ಒಂದನ್ನೇ ಬಳಿದು ನೆಟ್ಟರು. ಅಭ್ಯರ್ಥಿಯ ಹೆಸರಿಲ್ಲ, ಪಕ್ಷದ ಹೆಸರಿಲ್ಲ, ಬರೀ ಚುಕ್ಕಿ. ಕೆಂಪು (ರಿಪಬ್ಲಿಕನ್) ರಾಜ್ಯದೊಳಗಿನ ನೀಲಿ (ಡೆಮಾಕ್ರಾಟ್) ಚುಕ್ಕಿ ನಾವು ಅಂತ.

ಆ ಒಂದು ಮತ ಇಲ್ಲದಿದ್ದರೆ ಮೇಲಿನ 270 ಅಲ್ಲ, 269. ಸಮ ಆದ್ರೆ ತೀರ್ಮಾನ ಪ್ರತಿನಿಧಿ ಸಭೆಗೆ ಹೋಗ್ತದೆ. ಅಲ್ಲಿ ಸದಸ್ಯರ ತಲೆ ಎಣಿಸುವುದಿಲ್ಲ, ರಾಜ್ಯಕ್ಕೊಂದು ಮತ, 26 ಬೇಕು. ಅದಕ್ಕೇ 2024ರ ಸೆಪ್ಟೆಂಬರಿನಲ್ಲಿ, ಮತದಾನಕ್ಕೆ ಆರು ವಾರ ಇರುವಾಗ, ಸೌತ್ ಕ್ಯಾರೊಲಿನಾದ ಸೆನೆಟರ್ ಲಿಂಡ್ಸೆ ಗ್ರಹಾಂ ನೆಬ್ರಾಸ್ಕಾಕ್ಕೆ ಹೋಗಿ ಕೂತರು, ಕಾನೂನು ಬದಲಿಸಿ ಐದೂ ಮತ ಒಬ್ಬರಿಗೇ ಹೋಗುವ ಹಾಗೆ ಮಾಡಿ ಅಂತ. 49 ಸದಸ್ಯರ ಶಾಸನಸಭೆಯಲ್ಲಿ, ಚರ್ಚೆ ಎಳೆದು ಒಡ್ಡುವ ತಡೆ ಮುರಿಯಲು 33 ಬೇಕಿತ್ತು. ಒಮಾಹಾದವರೇ ಆದ ಮೈಕ್ ಮೆಕ್‌ಡೊನೆಲ್, ಡೆಮಾಕ್ರಾಟಿಕ್ ಪಕ್ಷ ಬಿಟ್ಟು ರಿಪಬ್ಲಿಕನ್ ಆಗಿದ್ದವರು, ಈಗ ಆಗುವುದಿಲ್ಲ ಅಂದುಬಿಟ್ಟರು. ಅಲ್ಲಿಗೆ ಮುಗೀತು. ಒಂದೇ ಒಂದು ಮತಕ್ಕೆ ಇಷ್ಟು ದೊಡ್ಡ ಕಸರತ್ತು.

ಮಿಶಿಗನ್_ಮಲ್ನಾಡು

ಬಸವ ಅವರೇ, ದುಡ್ಡಿನ ಹಂಚಿಕೆ ಕೇಳಿದ್ರಲ್ಲ, ಟಿವಿಯಿಂದ ಶುರು ಮಾಡೋಣ. ಇಲ್ಲಿ "ರಾಜ್ಯ" ಅನ್ನೋ ಮಾತೇ ಅರ್ಧ ಸುಳ್ಳು. ಟಿವಿ ಜಾಹೀರಾತನ್ನು ರಾಜ್ಯದ ಲೆಕ್ಕದಲ್ಲಿ ಯಾರೂ ಮಾರೋದಿಲ್ಲ, ಮಾರುಕಟ್ಟೆ ಲೆಕ್ಕದಲ್ಲಿ ಮಾರ್ತಾರೆ. ನೀಲ್ಸನ್ ಕಂಪನಿ ದೇಶವನ್ನ 210 ಟಿವಿ ಮಾರುಕಟ್ಟೆಗಳಾಗಿ ಹಂಚಿದೆ, ಅವಕ್ಕೂ ರಾಜ್ಯದ ಗಡಿಗೂ ಸಂಬಂಧ ಇಲ್ಲ.

ಫಿಲಡೆಲ್ಫಿಯಾದಲ್ಲಿ ಒಂದು ಜಾಹೀರಾತು ಹಾಕಿದ್ರೆ ಅದು ದಕ್ಷಿಣ ನ್ಯೂಜೆರ್ಸಿಯಲ್ಲೂ ಕಾಣುತ್ತೆ, ಡೆಲವೇರ್‌ನಲ್ಲೂ ಕಾಣುತ್ತೆ. ಎರಡೂ ಸೇಫ್ ಸ್ಟೇಟ್. ಅಲ್ಲಿನ ಕಣ್ಣುಗಳಿಗೆ ಕೊಟ್ಟ ದುಡ್ಡು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ. ನ್ಯೂಹ್ಯಾಂಪ್‌ಶೈರ್‌ನ 4 ಮತಕ್ಕೆ ಟಿವಿ ಮುಟ್ಟಿಸಬೇಕು ಅಂದ್ರೆ ದುಬಾರಿ ಬಾಸ್ಟನ್ ಮಾರುಕಟ್ಟೆ ಕೊಳ್ಳಬೇಕು, ನೋಡೋರು ಬಹುಪಾಲು ಮ್ಯಾಸಚೂಸೆಟ್ಸ್‌ನವರು. ಅದೇ ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್-ಆಲ್ಟೂನಾ, ವಿಸ್ಕಾನ್ಸಿನ್‌ನ ಗ್ರೀನ್ ಬೇ: ಅಗ್ಗ, ನೋಡೋರು ಹೆಚ್ಚೂಕಡಿಮೆ ಪೂರ್ತಿ ಒಳಗಿನವರೇ. ಅದಕ್ಕೇ ಜಾಹೀರಾತು ಕೊಳ್ಳೋರು ಒಂದೊಂದು ಮಾರುಕಟ್ಟೆಗೂ "ನಮ್ಮ ರಾಜ್ಯದ, ಮನಸ್ಸು ಗಟ್ಟಿಮಾಡದ ಒಬ್ಬ ಮತದಾರನಿಗೆ ಎಷ್ಟು ಬೀಳುತ್ತೆ" ಅಂತ ಬೇರೆಯೇ ಪಟ್ಟಿ ಇಟ್ಕೊಂಡಿರ್ತಾರೆ.

ಅಳತೆ ಮಾಡೋದು ಜಿಆರ್‌ಪಿ ಅನ್ನೋ ಪಾಯಿಂಟುಗಳಲ್ಲಿ. 100 ಪಾಯಿಂಟ್ ಅಂದ್ರೆ ಸರಾಸರಿ ಪ್ರತಿಯೊಬ್ಬರೂ ಒಂದು ಸಲ ನೋಡಿದ ಲೆಕ್ಕ. ವಾರಕ್ಕೆ 1,000 ಪಾಯಿಂಟ್ ಅಂದ್ರೆ ಹತ್ತು ಸಲ. ಇದು ಸರಾಸರಿ ಅನ್ನೋದು ನೆನಪಿರಲಿ. ಹಗಲಿಡೀ ಟಿವಿ ಮುಂದೆ ಕೂರೋ ನಿವೃತ್ತರು ಮೂವತ್ತು ಸಲ ನೋಡಿರ್ತಾರೆ, ಟಿವಿಯೇ ಇಲ್ಲದ ಹುಡುಗರು ಸೊನ್ನೆ. ಅದಕ್ಕೇ ಹ್ಯಾರಿಸ್ ತಂಡ 2024ರ ಆಗಸ್ಟಿನಲ್ಲಿ ಕಾದಿರಿಸಿದ 37 ಕೋಟಿ ಡಾಲರ್‌ನಲ್ಲಿ 20 ಕೋಟಿ ಡಿಜಿಟಲ್‌ಗೇ ಹೋಯ್ತು.

ಬಯಲುಸೀಮೆ_ಬಸವ

ಇದು ಹೊಸ ವಿಷಯ. ಒಂದು ಅನುಮಾನ. ಸೂಪರ್ ಪ್ಯಾಕ್‌ಗಳ (ಅಭ್ಯರ್ಥಿಯಿಂದ ಬೇರೆಯಾಗಿ, ಮಿತಿಯಿಲ್ಲದೆ ದುಡ್ಡು ಎತ್ತೋ ಹೊರಗಿನ ಗುಂಪುಗಳು) ಹತ್ರ ಅಷ್ಟು ದುಡ್ಡಿದ್ದ ಮೇಲೆ ಅಭ್ಯರ್ಥಿಯ ಸ್ವಂತ ಖಾತೆಯಲ್ಲಿ ಎಷ್ಟಿದ್ರೆ ಏನು?

ಮಿಶಿಗನ್_ಮಲ್ನಾಡು

ಬಹಳ ವ್ಯತ್ಯಾಸ ಇದೆ. ಮತದಾನಕ್ಕೆ ಮುಂಚಿನ 60 ದಿನ ಟಿವಿ ಕೇಂದ್ರಗಳು ಅಭ್ಯರ್ಥಿಗೆ ಅತಿ ಕಡಿಮೆ ದರದಲ್ಲೇ ಸಮಯ ಕೊಡಬೇಕು, ಅದು ಕಾನೂನು. 2024ರಲ್ಲಿ ಆ ಕಿಟಕಿ ತೆರೆದದ್ದು ಸೆಪ್ಟೆಂಬರ್ 6ಕ್ಕೆ. ಸೂಪರ್ ಪ್ಯಾಕ್‌ಗಳಿಗೆ ಆ ರಿಯಾಯ್ತಿ ಇಲ್ಲ. ಸ್ವಿಂಗ್ ಸ್ಟೇಟ್‌ನಲ್ಲಿ ಅಕ್ಟೋಬರ್ ಅಂದ್ರೆ ಜಾಹೀರಾತಿನ ಜಾಗಕ್ಕೆ ಹರಾಜು ನಡೆದ ಹಾಗೆ. ಅದೇ ಸಂಜೆ ಸುದ್ದಿಯ ಅದೇ 30 ಸೆಕೆಂಡಿಗೆ ಸೂಪರ್ ಪ್ಯಾಕ್ ಕೊಡೋದು ಅಭ್ಯರ್ಥಿ ಕೊಡೋದರ ಹಲವು ಪಟ್ಟು ಇರಬಹುದು. ಹಾಗಾಗಿ ಅಭ್ಯರ್ಥಿಯ ಖಾತೆಗೆ ಬಂದ 1 ಡಾಲರ್, ಹೊರಗಿನ ಗುಂಪಿಗೆ ಬಂದ 1 ಡಾಲರ್‌ಗಿಂತ ದಪ್ಪ.

ಇನ್ನೊಂದು, ಅಭ್ಯರ್ಥಿಯ ಜಾಹೀರಾತನ್ನು ಕೇಂದ್ರ ತಿದ್ದುವ ಹಾಗಿಲ್ಲ, ನಿರಾಕರಿಸುವ ಹಾಗಿಲ್ಲ. ಸೂಪರ್ ಪ್ಯಾಕ್‌ನದ್ದು ಸುಳ್ಳು ಅನ್ನಿಸಿದರೆ ತೆಗೆದು ಹಾಕಬಹುದು. ಯಾರು ಎಷ್ಟಕ್ಕೆ ಯಾವ ಹೊತ್ತು ಕೊಂಡರು ಅನ್ನೋದನ್ನ ಕೇಂದ್ರಗಳು ಸಾರ್ವಜನಿಕ ಕಡತಕ್ಕೆ ಏರಿಸಲೇಬೇಕು. ಎದುರಾಳಿಯವರು ದಿನಾ ಬೆಳಗ್ಗೆ ಅದನ್ನೇ ತೆರೆದು ಕೂರ್ತಾರೆ. ಯಾವುದೋ ಮಾರುಕಟ್ಟೆಯಲ್ಲಿ ಕಾದಿರಿಸಿದ ಸಮಯ ರದ್ದಾಯ್ತು ಅಂದ್ರೆ ಆ ರಾಜ್ಯದಿಂದ ಕಾಲ್ತೆಗೆಯುತ್ತಿದ್ದಾರೆ ಅಂತ ಮೊದಲು ಗೊತ್ತಾಗೋದು ಅಲ್ಲಿಂದಲೇ, ಪತ್ರಿಕಾಗೋಷ್ಠಿಯಿಂದ ಅಲ್ಲ.

ಕಡಲತಡಿ

ಕಾಲ್ತೆಗೆಯುವುದು ಅಂದಾಗ ನೆನಪಾಯ್ತು. 2008ರ ಅಕ್ಟೋಬರ್ 2ರಂದು ರಿಪಬ್ಲಿಕನ್ ಅಭ್ಯರ್ಥಿ ಮೆಕೇನ್ ಮಿಶಿಗನ್ ಬಿಟ್ಟರು. ಉಪಾಧ್ಯಕ್ಷ ಅಭ್ಯರ್ಥಿ ಸಾರಾ ಪೇಲಿನ್ ಬಹಿರಂಗವಾಗಿಯೇ ಅದಕ್ಕೆ ಆಕ್ಷೇಪ ಎತ್ತಿದರು. ಜನ ಅದನ್ನು ಧೈರ್ಯಗೇಡಿತನ ಅಂತ ಓದಿದರು, ಅಸಲಿಗೆ ಅದು ಜೇಬಿನ ಪ್ರಶ್ನೆ. ಮೆಕೇನ್ ಸರ್ಕಾರಿ ಅನುದಾನ ತೆಗೆದುಕೊಂಡಿದ್ದರು: 8.41 ಕೋಟಿ ಡಾಲರ್, ಅದರ ಮೇಲೆ ಒಂದು ಪೈಸೆ ಖರ್ಚು ಮಾಡುವಂತಿಲ್ಲ. ಒಬಾಮಾ ಅನುದಾನ ಬೇಡ ಅಂದು ಮಿತಿಯಿಲ್ಲದೆ ದೇಣಿಗೆ ಎತ್ತಿದರು. ಕೈಯಲ್ಲಿ ದುಡ್ಡಿದ್ದ ಕಾರಣ, 1964ರ ನಂತರ ಡೆಮಾಕ್ರಾಟರಿಗೆ ಒಲಿಯದ ಇಂಡಿಯಾನಾಕ್ಕೂ ನುಗ್ಗಿದರು, ಗೆದ್ದರು. ನಾರ್ತ್ ಕ್ಯಾರೊಲಿನಾ 14,177 ಮತದಿಂದ ಬಂತು. ಅಂದರೆ ಯಾವ ರಾಜ್ಯ ಸ್ವಿಂಗ್ ಅನ್ನುವುದು ಮತದಾರ ಮಾತ್ರ ತೀರ್ಮಾನಿಸುವುದಲ್ಲ, ಖಜಾಂಚಿಯೂ ತೀರ್ಮಾನಿಸ್ತಾನೆ.

ಹುಬ್ಬಳ್ಳಿ_ಮಂದಿ

ಅಭ್ಯರ್ಥಿ ದಿನಗಳ ಲೆಕ್ಕ ಹೇಳ್ರಿ. 2016ರಾಗ ಹಿಲರಿ ಕ್ಲಿಂಟನ್ ವಿಸ್ಕಾನ್ಸಿನ್ನಿಗೆ ಹೋಗ್ಲೇ ಇಲ್ಲ, ಅದಕ್ಕ ಸೋತ್ಲು ಅಂತಾರಲ್ಲ.

ಅಂಕಿಸಂಕಿ

ಅರ್ಧ ಸರಿ. ಪಕ್ಷದ ಟಿಕೆಟ್ ಸಿಕ್ಕಮೇಲೆ ಕ್ಲಿಂಟನ್ ವಿಸ್ಕಾನ್ಸಿನ್‌ಗೆ ಒಂದು ಸಲವೂ ಕಾಲಿಡಲಿಲ್ಲ, 22,748 ಮತದಿಂದ ಸೋತರು. ಮತದಾನಕ್ಕೆ ಆರು ದಿನ ಇರುವಾಗ ಅರಿಜೋನಾದ ಟೆಂಪಿಯಲ್ಲಿ ಸಭೆ ಮಾಡುತ್ತಿದ್ದರು, ಹೊಸ ರಾಜ್ಯ ಗೆಲ್ಲುವ ಆಸೆಗೆ. ಆದರೆ ಪೆನ್ಸಿಲ್ವೇನಿಯಾಕ್ಕೆ ಮತ್ತೆ ಮತ್ತೆ ಹೋಗಿದ್ದರು, ಪಕ್ಷದ ಮಹಾಸಭೆಯನ್ನೂ ಫಿಲಡೆಲ್ಫಿಯಾದಲ್ಲೇ ಮಾಡಿದ್ದರು. ಅಲ್ಲಿ 44,292ರಿಂದ ಸೋತರು. ಭೇಟಿ ಕೊಟ್ಟಿದ್ದರೆ ಗೆಲ್ಲುತ್ತಿದ್ದರು ಅನ್ನುವ ವಾದ ಅಲ್ಲೇ ಬಿದ್ದುಹೋಗುತ್ತದೆ. ನಿಜವಾದ ತಪ್ಪು ಬೇರೆ: ಆ ವರ್ಷ ರಾಜ್ಯಮಟ್ಟದ ಬಹಳಷ್ಟು ಸಮೀಕ್ಷೆಗಳು ಕಾಲೇಜು ಓದದ ಬಿಳಿಯರನ್ನು ಸರಿಯಾದ ಪ್ರಮಾಣಕ್ಕೆ ತೂಗಿರಲಿಲ್ಲ. ಸಮೀಕ್ಷೆಗೆ ಸುಲಭವಾಗಿ ಸಿಗೋರು ಓದಿದವರು; ಅವರ ಉತ್ತರವೇ ತಕ್ಕಡಿ ವಾಲಿಸಿತು. ತಪ್ಪು ನಕ್ಷೆ ಹಿಡಿದು ಸರಿಯಾಗಿ ನಡೆದರೂ ಊರು ಸಿಗೋದಿಲ್ಲ.

ಸಭೆಗಳ ಹಂಚಿಕೆ ಬೇಕಿದ್ದರೆ: 2016ರಲ್ಲಿ ಮಹಾಸಭೆಗಳ ನಂತರ ನಡೆದ 399 ಪ್ರಚಾರ ಸಭೆಗಳಲ್ಲಿ 375 ನಡೆದದ್ದು 12 ರಾಜ್ಯಗಳಲ್ಲಿ. 2012ರಲ್ಲಿ 253ಕ್ಕೆ 253ವೂ 12 ರಾಜ್ಯಗಳೊಳಗೇ.

ಇದಕ್ಕೆ ತಿರುಗಾ ನಡೆದವರು 1960ರ ರಿಪಬ್ಲಿಕನ್ ಅಭ್ಯರ್ಥಿ ನಿಕ್ಸನ್. ಐವತ್ತೂ ರಾಜ್ಯಕ್ಕೆ ಬರ್ತೀನಿ ಅಂತ ಮಾತು ಕೊಟ್ಟರು. ನಡುವೆ ಮಂಡಿಗೆ ಸೋಂಕಾಗಿ ಸುಮಾರು ಎರಡು ವಾರ ಆಸ್ಪತ್ರೆ. ಆದರೂ ಮಾತು ಬಿಡದೆ ಕೊನೇ ವಾರಾಂತ್ಯದಲ್ಲಿ 3 ಮತದ ಅಲಾಸ್ಕಾಕ್ಕೆ ಹಾರಿದರು. ಇಲಿನಾಯ್ (27 ಮತ) 8,858ರಿಂದ ಹೋಯಿತು, ಟೆಕ್ಸಸ್ (24) ಸುಮಾರು 46 ಸಾವಿರದಿಂದ. ಆ ಎರಡೂ ಬಂದಿದ್ದರೆ ಅಧ್ಯಕ್ಷರಾಗುತ್ತಿದ್ದರು. ತಮಾಷೆ ಅಂದರೆ ಅಲಾಸ್ಕಾವನ್ನು ಅವರು ಗೆದ್ದರು, ಅದೂ 1,144 ಮತದಿಂದ. ಹೋಗದಿದ್ದರೆ ಅದೂ ಹೋಗುತ್ತಿತ್ತೋ ಏನೋ.

ಮಿಶಿಗನ್_ಮಲ್ನಾಡು

ಒಂದು ಸೇರಿಸ್ತೀನಿ. ಸಭೆ ಎಲ್ಲಿ ಅನ್ನೋದನ್ನೂ ಟಿವಿ ಮಾರುಕಟ್ಟೆ ನೋಡಿಯೇ ಗೊತ್ತು ಮಾಡ್ತಾರೆ. ಪೆನ್ಸಿಲ್ವೇನಿಯಾದ ಇರೀ ಊರಿನ ಸಭೆಗೆ ಬಂದ ಕೆಲವು ಸಾವಿರ ಜನರಲ್ಲಿ ಮುಕ್ಕಾಲುಪಾಲು ಮೊದಲೇ ನಮ್ಮೋರು. ಬೇಕಿರೋದು ಅಂದಿನ ಸಂಜೆ, ಮಾರನೇ ಬೆಳಗಿನ ಸ್ಥಳೀಯ ಸುದ್ದಿ. ಇರೀ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) 2012ರಲ್ಲಿ ಒಬಾಮಾ, 2016ರಲ್ಲಿ ಟ್ರಂಪ್, 2020ರಲ್ಲಿ ಬೈಡನ್, 2024ರಲ್ಲಿ ಮತ್ತೆ ಟ್ರಂಪ್. ಸಭೆಯನ್ನ ವಿಮಾನ ನಿಲ್ದಾಣದ ಹ್ಯಾಂಗರಿನಲ್ಲೇ ಇಟ್ಕೊಂಡ್ರೆ ಊರೊಳಗೆ ಹೋಗಿಬರೋ ಒಂದೂವರೆ ಗಂಟೆ ಉಳಿಯುತ್ತೆ, ಹಿಂದೆ ವಿಮಾನ ನಿಂತಿರೋ ಚಿತ್ರವೂ ಸಿಗುತ್ತೆ. ದಿನಕ್ಕೆ ಎರಡು ಸಭೆ ಇದ್ದದ್ದು ಮೂರಾಗೋದು ಹಾಗೆ.

ಸಿರಿಗೆರೆ_ಶಾಂತಲಾ

ಇಲ್ಲಿ ಎಲ್ಲರೂ ಸ್ವಿಂಗ್ ಸ್ಟೇಟ್ ಬಗ್ಗೆಯೇ ಬರೀತಿದ್ದೀರಿ. ಬಸವ ಅವರ ಎರಡನೇ ಪ್ರಶ್ನೆ ಹಾಗೇ ಉಳಿದಿದೆ. ಸೇಫ್ ಸ್ಟೇಟ್‌ಗಳನ್ನ ಕೈಬಿಡೋದಿಲ್ಲ, ಕರೀತಾರೆ. ಹಾಲು ಕರೆಯೋ ಅರ್ಥದಲ್ಲಿ.

ದುಡ್ಡು ಮೊದಲು. 2023-24ರಲ್ಲಿ ಒಬ್ಬರು ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 3,300 ಡಾಲರ್ ಕೊಡಬಹುದಿತ್ತು (ಪಕ್ಷದೊಳಗೆ ಅಭ್ಯರ್ಥಿ ಆರಿಸೋ ಪ್ರೈಮರಿ ಬೇರೆ, ಮುಖ್ಯ ಚುನಾವಣೆ ಬೇರೆ ಲೆಕ್ಕ). ಆದರೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಟೆಕ್ಸಸ್‌ಗಳ ಔತಣಕೂಟಗಳಲ್ಲಿ ಲಕ್ಷಗಟ್ಟಲೆ ಡಾಲರ್‌ನ ಒಂದೇ ಚೆಕ್ ಬರುತ್ತೆ. ಹೇಗೆ? ಜಂಟಿ ನಿಧಿ ಸಮಿತಿ ಅಂತ ಮಾಡ್ತಾರೆ. ಅಭ್ಯರ್ಥಿ, ರಾಷ್ಟ್ರೀಯ ಪಕ್ಷ, ಹತ್ತಾರು ರಾಜ್ಯ ಪಕ್ಷಗಳು, ಎಲ್ಲರ ಮಿತಿಗಳನ್ನೂ ಕೂಡಿಸಿದ ಮೊತ್ತಕ್ಕೆ ಒಂದು ಚೆಕ್. ಒಟ್ಟು ದೇಣಿಗೆಗಿದ್ದ ಮಿತಿಯನ್ನು 2014ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿದ ಮೇಲೆ ಇದು ದೊಡ್ಡದಾಯ್ತು. ಒಂದೇ ಪಕ್ಷದ ಸಮಿತಿಗಳ ನಡುವೆ ಹಣ ವರ್ಗಾವಣೆಗೆ ಮಿತಿ ಇಲ್ಲ. ಹಾಗಾಗಿ ಯಾವುದೋ ಸೇಫ್ ರಾಜ್ಯದ ಪಕ್ಷದ ಪಾಲಿಗೆ ಬಂದದ್ದು ಬಂದ ದಾರೀಲೇ ಹೊರಟು ವಿಸ್ಕಾನ್ಸಿನ್ ಸೇರಬಹುದು.

ಎರಡನೆಯದು ಜನ. ಸ್ಯಾಕ್ರಮೆಂಟೊದಿಂದ ರೀನೊಗೆ ಎರಡು ಎರಡೂವರೆ ಗಂಟೆ ದಾರಿ, ಶಿಕಾಗೊದಿಂದ ಮಿಲ್ವಾಕಿಗೆ ಒಂದೂವರೆ. ಶನಿವಾರ ಬೆಳಗ್ಗೆ ಬಸ್ಸುಗಟ್ಟಲೆ ಸ್ವಯಂಸೇವಕರು ಹೊರಡ್ತಾರೆ. ಬರೋಕಾಗದವರು ಮನೆಯಿಂದಲೇ ಫೋನ್ ಮಾಡ್ತಾರೆ.

ಮೂರನೆಯದು, ಅಧ್ಯಕ್ಷ ಸ್ಥಾನ ಒಂದೇ ಅಲ್ಲ ಕಣದಲ್ಲಿರೋದು. ಅಧ್ಯಕ್ಷೀಯ ಲೆಕ್ಕದಲ್ಲಿ ಮೊಂಟಾನಾ, ಒಹಾಯೊ ಎರಡೂ ಟ್ರಂಪ್‌ಗೆ ಸೇಫ್, ಆದರೆ 2024ರಲ್ಲಿ ಸೆನೆಟ್ ಪೈಪೋಟಿಯಿಂದಾಗಿ ಅಲ್ಲಿನ ಟಿವಿಯಲ್ಲಿ ಜಾಹೀರಾತು ಬಿಟ್ಟರೆ ಬೇರೇನಿಲ್ಲ ಅನ್ನೋ ಹಾಗಿತ್ತು. ಟ್ರಂಪ್ ಅಕ್ಟೋಬರ್ 12ಕ್ಕೆ ಕ್ಯಾಲಿಫೋರ್ನಿಯಾದ ಕೊಯಾಚೆಲ್ಲಾದಲ್ಲಿ, 27ಕ್ಕೆ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸಭೆ ಮಾಡಿದರು, ಹ್ಯಾರಿಸ್ 25ಕ್ಕೆ ಹ್ಯೂಸ್ಟನ್‌ನಲ್ಲಿ. ಆ ರಾಜ್ಯ ಗೆಲ್ಲೋಕಲ್ಲ. ದೇಶದ ಕ್ಯಾಮೆರಾಗಳು ಇರೋ ಕಡೆ ನಿಂತು ಏಳು ರಾಜ್ಯದವರ ಫೋನಿಗೆ ಮುಟ್ಟೋಕೆ.

ಹುಬ್ಬಳ್ಳಿ_ಮಂದಿ

ಕರೀತಾರೆ ಅಂದ್ರಲ್ಲ, ಅಗದಿ ಖರೇ ಮಾತ್ರಿ ಅಕ್ಕಾರ. ಆದ್ರ ಕ್ಯಾಲಿಫೋರ್ನಿಯಾದಿಂದ ಬಂದ ಮಂದಿ ಅಲ್ಲಿ ಹೋಗಿ ಏನ್ ಮಾಡ್ತಾರ? ಊರ ಗೊತ್ತಿಲ್ಲ, ಮಂದಿ ಗೊತ್ತಿಲ್ಲ.

ಸಿರಿಗೆರೆ_ಶಾಂತಲಾ

ಅವರ ಕೈಗೆ ಊರಲ್ಲ, ಪಟ್ಟಿ ಕೊಡ್ತಾರೆ. ಮತದಾರರ ಕಡತದಲ್ಲಿ ಪ್ರತಿ ಹೆಸರಿನ ಮುಂದೆ ಎರಡು ಅಂಕ ಇರುತ್ತೆ, 0ಯಿಂದ 100. ಒಂದು, ನಮಗೆ ಹಾಕುವ ಸಾಧ್ಯತೆ. ಇನ್ನೊಂದು, ಮತಗಟ್ಟೆಗೆ ಬರುವ ಸಾಧ್ಯತೆ. ಮೊದಲನೇದು 90, ಎರಡನೇದು 95 ಇದ್ದರೆ ಆ ಮನೆಗೆ ಹೋಗೋದು ದಂಡ. ಮೊದಲನೇದು 10 ಇದ್ದರೆ ಹೋಗೋದು ಅಪಾಯ, ಎದುರಾಳಿಯ ಮತದಾರನನ್ನ ಎಬ್ಬಿಸಿ ಕಳಿಸಿದ ಹಾಗೆ. ಮೊದಲನೇದು 85, ಎರಡನೇದು 40 ಇರೋ ಮನೆಗೆ "ಬಂದು ಹಾಕಿ" ಅಂತ ಹೇಳೋಕೆ. ಮೊದಲನೇದು 45-55 ಇದ್ದು ಖಂಡಿತ ಬರೋರ ಹತ್ತಿರ ಮನವೊಲಿಸೋ ಮಾತು. ಎರಡು ಗುಂಪಿಗೂ ಬೇರೆ ಬೇರೆ ಮಾತು, ಬೇರೆ ಬೇರೆ ಜನ. ಹೊರರಾಜ್ಯದವರನ್ನ ಸಾಮಾನ್ಯವಾಗಿ "ಬಂದು ಹಾಕಿ" ಅನ್ನೋ ಗುಂಪಿಗೆ ಹಾಕೋದು ಜಾಣತನ. ಮತಗಟ್ಟೆ ಎಲ್ಲಿದೆ, ಎಷ್ಟು ಗಂಟೆಗೆ ಹೋಗ್ತೀರಿ ಅಂತ ಕೇಳೋಕೆ ಊರಿನ ಪರಿಚಯ ಬೇಡ. ಮನವೊಲಿಸೋದು ಅಕ್ಕಪಕ್ಕದವರ ಕೆಲಸ.

ಮೂರು ಗಂಟೆಯ ಪಾಳಿಗೆ 45-60 ಬಾಗಿಲು ಅಂತಿಟ್ಟುಕೊಳ್ಳಿ. ತೆರೆಯೋದು ನಾಲ್ಕೈದರಲ್ಲಿ ಒಂದು. ಪಟ್ಟಿಯಲ್ಲಿದ್ದ ವ್ಯಕ್ತಿಯೇ ಸಿಗೋದು ಅದಕ್ಕೂ ಕಡಿಮೆ. ಕೆಡೋದು ಎಲ್ಲಿ ಅಂದರೆ: ಬಾಡಿಗೆಯವರು ಮನೆ ಬದಲಿಸಿರ್ತಾರೆ, ಕಡತ ಹಳೇದು. ಅಪಾರ್ಟ್‌ಮೆಂಟಿನ ಮುಂಬಾಗಿಲಿಗೆ ಬೀಗ, ಒಳಗೆ ಹೋಗೋಕೇ ಆಗಲ್ಲ. ಕರಪತ್ರವನ್ನ ಅಂಚೆ ಡಬ್ಬಕ್ಕೆ ಹಾಕೋ ಹಾಗಿಲ್ಲ, ಅಂಚೆ ಕಟ್ಟದ ಕಾಗದ ಅದರೊಳಗೆ ಹಾಕೋದು ಅಪರಾಧ. ಬಾಗಿಲ ಹಿಡಿಗೆ ಸಿಗಿಸಬೇಕು. ದಿನಗೂಲಿಗೆ ಬಂದವರು ಮರದ ಕೆಳಗೆ ಕೂತು ಫೋನಿನಲ್ಲಿ "ಮನೆಯಲ್ಲಿಲ್ಲ" ಅಂತ ಸಾಲಾಗಿ ಒತ್ತೋದೂ ಇದೆ. ಅದನ್ನ ಹಿಡಿಯೋದು ಸಮಯದಿಂದ, ಎರಡು ಬಾಗಿಲಿಗೆ ನಾಲ್ಕು ಸೆಕೆಂಡ್ ಅಂತರ ಇದ್ದರೆ ಆ ಪಾಳಿಯ ಲೆಕ್ಕ ಪೂರ್ತಿ ರದ್ದು.

ಕಡಲತಡಿ

ಶಾಂತಲಾ ಮೇಡಂ ಚೆನ್ನಾಗಿ ಹೇಳಿದ್ರಿ. ಒಂದು ತಕರಾರು ಇದೆ. ಕಲ್ಲಾ ಮತ್ತು ಬ್ರೂಕ್‌ಮನ್ ಎಂಬ ಇಬ್ಬರು ಸಂಶೋಧಕರು 49 ಕ್ಷೇತ್ರಪ್ರಯೋಗಗಳನ್ನು ಒಟ್ಟುಹಾಕಿ 2018ರಲ್ಲಿ ಪ್ರಕಟಿಸಿದ್ದು ನೋಡಿ. ಮುಖ್ಯ ಚುನಾವಣೆಯಲ್ಲಿ ಮನವೊಲಿಸುವ ಪ್ರಯತ್ನದ ಸರಾಸರಿ ಪರಿಣಾಮ ಸೊನ್ನೆಯ ಆಸುಪಾಸು. ಹಾಗಿದ್ದ ಮೇಲೆ ಇಷ್ಟೆಲ್ಲ ಯಾಕೆ?

ಅಂಕಿಸಂಕಿ

ಒಳ್ಳೆ ಪ್ರಶ್ನೆ. ಆ ಅಧ್ಯಯನ ಹೇಳೋದು ಯಾರಿಗೆ ಮತ ಹಾಕ್ತಾರೆ ಅನ್ನೋದನ್ನ ಬದಲಿಸೋ ಬಗ್ಗೆ. ಮತಗಟ್ಟೆಗೆ ಎಬ್ಬಿಸಿ ಕಳಿಸೋದು ಬೇರೆ ವಿಷಯ, ಅದಕ್ಕೆ ಮುಖಾಮುಖಿ ಮಾತು ಕೆಲಸ ಮಾಡುತ್ತೆ ಅಂತ 1998ರ ನ್ಯೂಹೇವನ್ ಪ್ರಯೋಗದಿಂದಲೂ ಗೊತ್ತು.

ಇನ್ನೊಂದು ಸಾಕ್ಷಿ 2024ರ ಫಲಿತಾಂಶದಲ್ಲೇ ಇದೆ. 2020ಕ್ಕೆ ಹೋಲಿಸಿದರೆ ದೇಶ ಸುಮಾರು 6 ಶೇಕಡಾ ಅಂಶ ಟ್ರಂಪ್ ಕಡೆ ವಾಲಿತು. ಸೇಫ್ ಸ್ಟೇಟ್‌ಗಳಾದ ನ್ಯೂಜೆರ್ಸಿ, ನ್ಯೂಯಾರ್ಕ್ ತಲಾ ಸುಮಾರು 10 ಅಂಶ ವಾಲಿದವು. ವಿಸ್ಕಾನ್ಸಿನ್ ವಾಲಿದ್ದು ಒಂದೂವರೆ, ನಾರ್ತ್ ಕ್ಯಾರೊಲಿನಾ ಸುಮಾರು 2, ಜಾರ್ಜಿಯಾ ಎರಡೂವರೆಯ ಒಳಗೆ, ಪೆನ್ಸಿಲ್ವೇನಿಯಾ ಸುಮಾರು 3. ಪ್ರಚಾರ ದಟ್ಟವಾಗಿದ್ದ ಕಡೆ ಗಾಳಿ ಕಡಿಮೆ ಬೀಸಿತು ಅಂತ ಓದಬಹುದು. ಅರಿಜೋನಾ, ನೆವಾಡಾ ಮಾತ್ರ ಐದಾರು ಅಂಶ ವಾಲಿದವು, ಆದ್ದರಿಂದ ಪ್ರಚಾರ ಒಂದೇ ಕಾರಣ ಅಂತ ನಾನು ಹೇಳಲಾರೆ, ಜನಸಂಖ್ಯೆಯ ಸ್ವರೂಪವೂ ಬೇರೆ. ಆದರೂ ಮಿಶಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರರ ಅಂತರ ಸೇರಿ ಸುಮಾರು 2.30 ಲಕ್ಷ ಇರುವಾಗ ಅರ್ಧ ಅಂಶವನ್ನೂ ಯಾರೂ ಬಿಟ್ಟುಕೊಡೋದಿಲ್ಲ. ವಿಸ್ಕಾನ್ಸಿನ್‌ನ 29,397ನ್ನ ಅಲ್ಲಿನ 72 ಕೌಂಟಿಗೆ ಹಂಚಿ ನೋಡಿ, ಕೌಂಟಿಗೆ 408. ಅದರಲ್ಲಿ ಅರ್ಧ ಜನ ಮನಸ್ಸು ಬದಲಿಸಿದ್ದರೆ ಸಾಕಿತ್ತು.

ಇದರಿಂದಲೇ ಇನ್ನೊಂದು ಮಾತು. ಸ್ವಿಂಗ್ ಸ್ಟೇಟ್ ಒಳಗೆ ಸೇಫ್ ಕೌಂಟಿ ಅನ್ನೋದು ಇಲ್ಲ. ಎದುರಾಳಿಗೆ 75-25 ಇರೋ ಹಳ್ಳಿ ಕೌಂಟಿಯನ್ನ 72-28 ಮಾಡಿದರೆ ಕೌಂಟಿ ಸೋತ ಹಾಗೇ ಕಾಣುತ್ತೆ, ರಾಜ್ಯದ ಮೊತ್ತಕ್ಕೆ ಮಾತ್ರ ಅಷ್ಟೂ ಮತ ಬಂದು ಬೀಳುತ್ತೆ. ನಮ್ಮ ವಿಧಾನಸಭೆಯಲ್ಲಿ ಸೋತ ಕ್ಷೇತ್ರದ ಮತ ವ್ಯರ್ಥ. ಅಲ್ಲಿ ರಾಜ್ಯವೇ ಕ್ಷೇತ್ರ.

ಮಿಶಿಗನ್_ಮಲ್ನಾಡು

ನೀತಿಗಳೂ ಇದೇ ನಕ್ಷೆ ಹಿಡಿದು ಹುಟ್ಟುತ್ತವೆ. ಟಿಪ್ಸ್ ಮೇಲೆ ತೆರಿಗೆ ಇಲ್ಲ ಅಂತ ಟ್ರಂಪ್ ಘೋಷಿಸಿದ್ದು 2024ರ ಜೂನ್‌ನಲ್ಲಿ, ಲಾಸ್ ವೇಗಸ್‌ನಲ್ಲಿ. ಹ್ಯಾರಿಸ್ ಅದೇ ಮಾತು ಹೇಳಿದ್ದು ಆಗಸ್ಟ್‌ನಲ್ಲಿ, ಅದೂ ಲಾಸ್ ವೇಗಸ್‌ನಲ್ಲೇ. ಹೋಟೆಲ್, ಕ್ಯಾಸಿನೊ ಕೆಲಸಗಾರರ ಊರು. 2025ರ ಜುಲೈನಲ್ಲಿ ಅದು ಕಾನೂನೇ ಆಯ್ತು, ವರ್ಷಕ್ಕೆ 25,000 ಡಾಲರ್ ಟಿಪ್ಸ್‌ವರೆಗೆ ವಿನಾಯ್ತಿ, 2028ರ ತನಕ. 6 ಎಲೆಕ್ಟೋರಲ್ ಮತದ ರಾಜ್ಯದಿಂದ ಹೊರಟದ್ದು ಇಡೀ ದೇಶದ ತೆರಿಗೆ ಫಾರ್ಮಿಗೆ ಬಂತು.

ಬಯಲುಸೀಮೆ_ಬಸವ

ಬಹಳ ಉಪಕಾರ. ಕೊನೇದೊಂದು. ಈ ಪದ್ಧತಿ ಬದಲಿಸೋ ಪ್ರಯತ್ನ ಇಲ್ವಾ?

ಕಡಲತಡಿ

ಇದೆ. ದೇಶದ ಒಟ್ಟು ಮತದಲ್ಲಿ ಗೆದ್ದವರಿಗೇ ನಮ್ಮ ಎಲೆಕ್ಟೋರಲ್ ಮತ ಅಂತ ರಾಜ್ಯಗಳು ಒಪ್ಪಂದ ಮಾಡಿಕೊಳ್ತಾ ಇವೆ. 2024ರಲ್ಲಿ ಮೇನ್ ಸೇರಿದಾಗ 209 ಮತದಷ್ಟು ರಾಜ್ಯಗಳಾದವು. 270 ಆದ ದಿನ ಜಾರಿ. ಆಗಿನ ಪಟ್ಟಿಯಲ್ಲಿ ಆ ಏಳರಲ್ಲಿ ಒಂದೂ ಇರಲಿಲ್ಲ. ಯಾಕೆ ಇರ್ತವೆ ಹೇಳಿ, ಹಬ್ಬ ಅವರ ಮನೆಯಲ್ಲೇ ನಡೀತಾ ಇರುವಾಗ?

ತುಂಗಾತೀರ_ಟ್ರಾಯ್

ಇಲ್ಲಿ ಡೆಟ್ರಾಯ್ಟ್, ಅಟ್ಲಾಂಟಾ, ರಾಲಿ ಕಡೆಯ ಕನ್ನಡ ಕೂಟದವರೂ ಓದ್ತಿರ್ತಾರೆ, ಅದಕ್ಕೇ ಕೇಳ್ತಿದ್ದೀನಿ. ಎಚ್-1ಬಿಯಲ್ಲಿ ಇರೋರು ಪ್ರಚಾರಕ್ಕೆ ಹೋಗಬಹುದಾ? ದೇಣಿಗೆ ಕೊಡಬಹುದಾ?

ಸಿರಿಗೆರೆ_ಶಾಂತಲಾ

ದೇಣಿಗೆ ಖಂಡಿತಾ ಇಲ್ಲ, 5 ಡಾಲರ್ ಕೂಡ ಇಲ್ಲ. ಪೌರ ಸಂಗಾತಿಯ ಹೆಸರಲ್ಲಿ ನಿಮ್ಮ ದುಡ್ಡು ಕೊಡೋದೂ ತಪ್ಪು. ಸಂಬಳ ಇಲ್ಲದ ಸ್ವಯಂಸೇವೆ ಮಾಡಬಹುದು: ಬಾಗಿಲು ತಟ್ಟೋದು, ಫೋನ್ ಮಾಡೋದು. ದುಡ್ಡನ್ನ ಎಲ್ಲಿ ಖರ್ಚು ಮಾಡಬೇಕು ಅನ್ನೋ ತೀರ್ಮಾನದಲ್ಲಿ ಮಾತ್ರ ಕೂರೋ ಹಾಗಿಲ್ಲ. ಗ್ರೀನ್ ಕಾರ್ಡ್ ಇದ್ದವರು ದೇಣಿಗೆ ಕೊಡಬಹುದು, ಪೌರರಿಗಿರೋ ಮಿತಿಯೇ. 200 ಡಾಲರ್ ದಾಟಿದರೆ ಕೆಲಸ ಮಾಡೋ ಕಂಪನಿ, ಹುದ್ದೆ ಎಲ್ಲಾ ಸಾರ್ವಜನಿಕ ದಾಖಲೆಗೆ ಹೋಗುತ್ತೆ.

ಮತ ಮಾತ್ರ ಪೌರತ್ವ ಬಂದಮೇಲೆ. ಎಡವೋದು ಹೆಚ್ಚಾಗಿ ಲೈಸೆನ್ಸ್ ಕಚೇರಿಯಲ್ಲಿ. ಮಿಶಿಗನ್, ನೆವಾಡಾ, ಪೆನ್ಸಿಲ್ವೇನಿಯಾಗಳಲ್ಲಿ ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗಲೇ ಮತದಾರರ ನೋಂದಣಿಯೂ ಆಗಿಹೋಗೋ ವ್ಯವಸ್ಥೆ ಇದೆ. "ನೀವು ಅಮೆರಿಕದ ಪೌರರೇ?" ಅನ್ನೋ ಪರದೆಯ ಮೇಲೆ ಅವಸರದಲ್ಲಿ ಹೌದು ಒತ್ತಿದರೆ, ಮುಂದೆ ಪೌರತ್ವದ ಸಂದರ್ಶನದಲ್ಲಿ ಆ ದಾಖಲೆ ಎದುರಿಗೆ ಬರುತ್ತೆ. ತಪ್ಪಾಗಿ ಒತ್ತಿದ್ದು ಗೊತ್ತಾದರೆ ಕಾಯಬೇಡಿ, ಸ್ಥಳೀಯ ಚುನಾವಣಾ ಕಚೇರಿಗೆ ಬರೆದು ಹೆಸರು ತೆಗೆಸಿ, ತೆಗೆಸಿದ್ದಕ್ಕೆ ಅವರಿಂದ ಪತ್ರ ಇಟ್ಟುಕೊಳ್ಳಿ, ವಲಸೆ ವಕೀಲರಿಗೂ ತೋರಿಸಿ.